ಶಾಂತಿ ಇದೆಯೇ?

ಗ್ಲಾಸ್ಟನ್‌ಬರಿಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಪ್ರಕೃತಿಯನ್ನು ಪೂಜಿಸುವ ಡ್ರೂಯಿಡ್ ಪಂಥದ ಇಬ್ಬರು ಹೆಂಗಸರಿದ್ದರು. ತೊಡೆಯ ಮೇಲೆ ಬಿಳಿ ನಿಲುವಂಗಿ ಮಡಚಿಟ್ಟುಕೊಂಡಿದ್ದ ಗ್ವೆಂಡಾ ಕೇಳಿದಳು:

“ಹಿಲರಿ, ನಿನ್ನೆ ಹಬ್ಬಕ್ಕೂ ಒಬ್ಳೇನಾ?”

“ಹೂಂ, ನನ್ನ ಓಕ್ ಮರದ ಕೆಳಗೆ.”

“ದಿಕ್ಕುದಿಕ್ಕಿಗೂ ‘ಶಾಂತಿ ಇದೆಯೇ?’ ಅಂತ ಕೂಗಿದಾಗ ‘ಇದೆ’ ಅನ್ನೋಕೆ ಯಾರಿದ್ರು?”

“ನಾನೇ ಕೂಗ್ದೆ, ನಾನೇ ಅಂದೆ. ನಿಮ್ಮ ಗುಂಪಲ್ಲಿ?”

“ಹದಿನೇಳು ಜನ ಒಟ್ಟಿಗೆ ಅಂತೀವಿ. ಮೈ ಜುಮ್ಮನ್ನುತ್ತೆ.”

“ಕೂಗಿದ್ದು ನೀನಾ?”

“ಆ ಮೇವಿಸ್ ಬಿಟ್ರೆ ತಾನೇ! ಒಂಬತ್ತು ವರ್ಷದಿಂದ ನಾಲ್ಕು ದಿಕ್ಕೂ ಅವಳದ್ದೇ. ನೀನು ಪುಣ್ಯವಂತೆ ಕಣೇ.”

“ಏನು ಪುಣ್ಯ, ಮಾರಾಯ್ತಿ! ಹದಿನೇಳು ಬೇಡ, ‘ಇದೆ’ ಅನ್ನೋಕೆ ನಂಗೆ ಒಬ್ರಾದ್ರೂ ಬೇಡ್ವಾ?”

ಬಸ್ಸು ನಿಂತಿತು. ಇಬ್ಬರೂ ಎದ್ದರು.

“ಮುಂದಿನ ಹಬ್ಬಕ್ಕೆ ನಾನು ಬರ್ಲಾ?” ಅಂದಳು ಗ್ವೆಂಡಾ.

“ಬಾ,” ಎಂದು ಮೆಟ್ಟಿಲಿಳಿಯುತ್ತ ಹಿಲರಿ ಹೇಳಿದಳು, “ಆದ್ರೆ ಕೂಗೋದು ನಾನೇ.”