ಹಾಡು ಮುಗಿದ ಮೇಲಿನ ಜೈಕಾರ

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದ ಮೇಧಿನಿಯ ಪಕ್ಕದ ಬೆಂಚಿನಲ್ಲಿ ಎಂಬತ್ತು ದಾಟಿದ ಅಕ್ಕ ತಮ್ಮ ಕೂತಿದ್ದರು. ಮಾತು ತಾನಾಗಿಯೇ ಅವಳ ಕಿವಿಗೆ ಬೀಳುತ್ತಿತ್ತು.

“ನಾಳೆ ಇಸ್ಕೂಲಲ್ಲಿ ಬಾವುಟ ಹಾರ್ಸಕ್ಕೆ ನಾನು ಒಲ್ಲೆ ಕಣ್ಲಾ ಚನ್ನಪ್ಪ.”

“ಯಾಕಕ್ಕಾ? ಹಳೇ ವಿದ್ಯಾರ್ಥಿ ಅಂತ ಮರ್ವಾದೆಯಿಂದ ಕರ್ದವ್ರೆ.”

“ರಾಷ್ಟ್ರಗೀತೆ ಮುಗೀತಿದ್ದಂಗೆ ನನ್ ಬಾಯಲ್ಲಿ ‘ಮಹಾರಾಜರಿಗೆ ಜೈ’ ಅಂತ ಬಂದ್ಬುಡ್ತದೆ.”

“ಇನ್ನೂವಾ?”

“ಟಿವಿ ಮುಂದೇನೂ ಅಂತೀನಿ. ಮೊಮ್ಮಕ್ಕಳು ನಗ್ತವೆ.”

“ಐವತ್ತನೇ ಇಸ್ವೀಲಿ ದಿಲ್ಲೀಲಿ ಇದೇ ರಾಷ್ಟ್ರಗೀತೆ ಅಂತ ತೀರ್ಮಾನ ಆದಾಗ ಇಡೀ ಇಸ್ಕೂಲೇ ಹಂಗೆ ಕೂಗ್ತಿತ್ತಲ್ಲಕ್ಕಾ. ಅದ್ಕೂ ಮುಂಚೆ ದಿನಾ ಹಾಡ್ತಿದ್ದ ರಾಜರ ಹಾಡಿನ ಕೊನೇಲಿ ಕೂಗಿ ಕೂಗಿ ರೂಢಿ. ಮೇಷ್ಟ್ರು ಬೆತ್ತ ಎತ್ತೋರು.”

“ಎತ್ತಿ ಏನು ಬಂತು? ಒಂದಿನ ಅವರೂ ಹಂಗೇ ಕೂಗ್ಬುಟ್ರು. ಆಮೇಲೆ ಬೆತ್ತ ಮುಟ್ನಿಲ್ಲ.”

ಇಬ್ಬರೂ ನಕ್ಕರು.

“ರಾಜರ ಹಾಡು ಇವತ್ತೇ ಕೊನೆ ಅಂತ ನಮಗ್ಯಾರೂ ಹೇಳ್ನಿಲ್ಲ ಕಣ್ಲಾ.”

“ಹೇಳಿದ್ರೆ ಏನ್ಮಾಡ್ತಿದ್ದೆ?”

“ಇನ್ನೊಂಚೂರು ಗಟ್ಟಿಯಾಗಿ ಹಾಡ್ತಿದ್ದೆ.”

ಜಾವಗಲ್ ಬಸ್ಸು ಬಂದು ನಿಂತಿತು. ತಮ್ಮ ಎದ್ದು ಕೈ ಚಾಚಿದ.

“ನಾಳೆ ನಿನ್ ಪಕ್ಕದಲ್ಲೇ ನಿಂತ್ಕೋತೀನಿ. ನಿನ್ ಬಾಯಿಗೆ ಬಂದ್ರೆ ನಾನೂ ಕೂಗ್ತೀನಿ. ಒಬ್ರೇ ಕೂಗಿದ್ರೆ ತಪ್ಪು ಅಂತಾರೆ. ಇಬ್ರು ಕೂಗಿದ್ರೆ ಹಳೇ ಪದ್ದತಿ ಅಂತಾರೆ.”

“ಹಂಗಾದ್ರೆ ಬತ್ತೀನಿ, ನಡಿ,” ಎಂದು ಅಕ್ಕ ಅವನ ಕೈ ಹಿಡಿದು ಬಸ್ಸು ಹತ್ತಿದಳು.