ನರಿಗೆ ಇಟ್ಟಿದ್ದು ಮಾರೆಣ್ಣನ ನಾಯಿಗೆ ಮುಟ್ತು

ಅದ್ಕೇ ಹೇಳೋದು, ಕೋಳಿ ಅಂದ್ರೆ ಸುಮ್ನೆ ಅಲ್ಲ ಕಣ್ರೋ. ಆಗ ನಮ್ಮನೆ ಉಪ್ಪು, ಎಣ್ಣೆ, ಬೇಳೆ ಎಲ್ಲಾ ಕೋಳಿ ಹೊಟ್ಟೆಯಿಂದ್ಲೇ ಬರ್ತಿತ್ತು. ನಿಮ್ ತಾತ ಕಲ್ಲು ಕ್ವಾರಿನಾಗೆ ಕಾಲು ಮುರ್ಕೊಂಡು ಮಂಚ ಹಿಡಿದಿದ್ದ ವರ್ಷ ಅದು. ನಿಮ್ಮವ್ವ ಇನ್ನೂ ಕೂಸು... ಅಲ್ಲಲ್ಲ, ಆಗ್ಲೇ ರಾಂಪುರದ ಹಾಸ್ಟೆಲ್‌ನಾಗೆ ಇದ್ಲು, ಆರನೇ ಕ್ಲಾಸು. ಹೂಂ, ಆರು. ನಾನು ಕೂಲಿಗೆ ಹೋಗೋಳು, ಶೇಂಗಾ ಕೀಳೋಕೆ, ಕಳೆ ತೆಗೆಯೋಕೆ, ಕೂಲಿ ಇದ್ದ ದಿನ ಐತೆ, ಇಲ್ಲದ ದಿನ ಇಲ್ಲ. ಕೋಳಿ ಮಾತ್ರ ಹಂಗಲ್ಲ, ಗೊತ್ತಾ, ಅವು ದಿನಾ ಮೊಟ್ಟೆ ಇಡೋವು. ಹದಿಮೂರು ಇದ್ವು. ಈಗ ನೀವು ಅಂಗಡಿನಾಗೆ ನೋಡ್ತೀರಲ್ಲ ಬಿಳಿ ಕೋಳಿ, ಅವಲ್ಲ, ನಾಟಿ ಕೋಳಿ. ಬೆಳಿಗ್ಗೆ ಬೇವಿನ ಮರದಿಂದ ದುಪ್ ದುಪ್ ಅಂತ ಇಳಿದ್ರೆ ಶೇಂಗಾ ಕಿತ್ತ ಹೊಲ್ದಾಗೆಲ್ಲಾ ಕೆದರ್ಕೊಂಡು ತಿಂದು, ಸಂಜೆಗೆ ತಾವೇ ಬಂದು ಮರ ಹತ್ತೋವು. ಒಂದು ಹಿಡಿ ಜೋಳ ಹಾಕಿದ್ರೆ ಅದೇ ಹಬ್ಬ ಅವಕ್ಕೆ.

ನಮ್ಮನೆ ಊರೊಳಗೆ ಇರ್ಲಿಲ್ಲ. ನಾವು ತಳಕು ಕಡೆಯಿಂದ ಕ್ವಾರಿ ಕೆಲ್ಸಕ್ಕೆ ಬಂದೋರು. ಆ ಊರು ಅಂದ್ರೆ ಒಂದು ಹಟ್ಟಿ, ಹಟ್ಟಿಯೋರು ಕೋಳಿ ಮುಟ್ಟೋರಲ್ಲ, ಹಟ್ಟಿಯೊಳಗೆ ಕೋಳಿ ಕಾಲಿಡಂಗಿಲ್ಲ, ಅದು ಅವರ ದೇವರ ಕಟ್ಟು. ಬೇಜಾರು ಮಾಡ್ಕೊಂಡು ಹೇಳಿದೋರಲ್ಲ, ಯಜಮಾನ್ರು ಬಂದು ಸಮಾಧಾನವಾಗೇ ಹೇಳಿದ್ರು, "ನೋಡು ತಿಪ್ಪಮ್ಮ, ಕೋಳಿ ಸಾಕ್ತೀಯಾ ಸಾಕು, ಆದ್ರೆ ಹಟ್ಟಿ ಬೇಲಿಯಿಂದ ಆಚೆ" ಅಂತ. ಸರಿ, ಆಚೆ ಹೋದ್ವಿ. ಆಚೆ ಅಂದ್ರೆ ಏನು, ಹಿಂದ್ಗಡೆ ಹಳ್ಳ, ಹಳ್ಳದ ಆಚೆ ಕಲ್ಲು ಗುಡ್ಡ, ಗುಡ್ಡದ ತುಂಬಾ ನರಿ. ಊರಿಗೂ ನರಿಗೂ ನಡುವೆ ನಾವೇ.

ಮೊದ್ಲು ಒಂದು ಹ್ಯಾಟೆ ಕೋಳಿ ನರಿ ಬಾಯಿಗೆ ಹೋಯ್ತು. ಹೋಗ್ಲಿ ಬಿಡು ಅಂದ್ಕೊಂಡೆ. ಆಮ್ಯಾಲೆ ವಾರದೊಳಗೆ ಇನ್ನೆರಡು. ಆಮ್ಯಾಲೆ ನನ್ನ ಕೆಂದ ಕೋಳಿ. ಅದು ಮರಿ ಮಾಡಿತ್ತು, ಒಂಬತ್ತು ಮರಿ, ಮರಿ ಇರೋ ಕೋಳಿ ಮರ ಹತ್ತಲ್ವಲ್ಲ, ಅದಕ್ಕೆ ಮಂಕರಿ ಕವುಚಿ ಮ್ಯಾಲೊಂದು ಗುಂಡುಕಲ್ಲು ಇಟ್ಟಿದ್ದೆ. ಬೆಳ್ಳಂಬೆಳಿಗ್ಗೆ ನಾನು ನೀರಿಗೆ ಹೋಗಿದ್ದೆ, ಬೋರಿನ ಹತ್ರ ಸಾಲು. ಬಂದು ನೋಡ್ತೀನಿ, ಮಂಕರಿ ಹಂಗೇ ಐತೆ, ಮ್ಯಾಲಿನ ಕಲ್ಲು ಹಂಗೇ ಐತೆ, ಕೆಳಗೆ ಮಣ್ಣು ಬಗೆದು ತೂತು! ಕೋಳಿ ಇಲ್ಲ, ಮರಿ ಇಲ್ಲ, ಒಂದೇ ಒಂದು ಮರಿ ಮೂಲೆನಾಗೆ ಚೀಂವ್ ಅಂತೈತೆ. ನಿಮ್ ತಾತ ಬಾಗ್ಲಾಗೆ ನೆಲದ ಮ್ಯಾಲೆ ಬಿದ್ದಿದ್ರು. ನರಿ ಕಣ್ಣೆದ್ರಿಗೇ ಬಗೀತಿತ್ತಂತೆ, ಕೂಗಿದ್ರಂತೆ, ಕೋಲು ಎಸೆದ್ರಂತೆ, ಅದು ತಿರುಗಿ ನೋಡಿ ಮತ್ತೆ ಬಗೀತಂತೆ. ಎದ್ದು ಹೋಗೋಕೆ ನೋಡಿ ಬಿದ್ದವ್ರೆ. "ನನ್ನ ನೋಡ್ತು ಕಣೇ, ಇವನು ಏಳಲ್ಲ ಅಂತ ಅದಕ್ಕೂ ಗೊತ್ತಾಗೈತೆ" ಅಂದ್ರು. ಕಲ್ಲು ಒಡೆಯೋ ಮನುಷ್ಯ, ಕಣ್ಣಾಗೆ ನೀರು.

ಅದು ನೋಡಿ ನನಗೆ ಸಿಟ್ಟು ಬಂತು ನೋಡ್ರಿ, ಎಂಥ ಸಿಟ್ಟು ಅಂದ್ರೆ, ಕೂಲಿಗೆ ಹೋದ ಹೊಲ್ದಾಗೆ ಹತ್ತಿ ಹುಳಕ್ಕೆ ಹೊಡಿಯೋ ಎಣ್ಣೆ ಇತ್ತು, ಒಂದು ಚೂರು ಕೇಳಿ ಇಸ್ಕೊಂಡೆ. ಹೇನಿಗೆ ಬೇಕು ಅಂತ ಸುಳ್ಳು ಹೇಳ್ದೆ. ಸಾಯಂಕಾಲ ಹಳ್ಳದಾಗೆ ನರಿ ಬಿಟ್ಟು ಹೋಗಿದ್ದ ಕೋಳಿ ಕರುಳು ತಂದು ಅದಕ್ಕೆ ಕಲಸೋಕೆ ಕುಂತೆ. ನಿಮ್ ತಾತ ಮಂಚದಿಂದ್ಲೇ, "ಬ್ಯಾಡ ಕಣೇ, ಎಣ್ಣೆಗೆ ನರಿ ಯಾವ್ದು ನಾಯಿ ಯಾವ್ದು ಅಂತ ಏನು ಗೊತ್ತಾಗ್ತೈತೆ?" ಅಂದ್ರು. ನಾನು ಏನಂದೆ ಗೊತ್ತಾ? "ಮಂಚದ ಮ್ಯಾಲೆ ಕುಂತೋರು ಸುಮ್ಕಿರ್ರಿ" ಅಂದೆ. ಅಂದ್ಬಿಟ್ಟೆ. ಅವ್ರು ಗೋಡೆ ಕಡೆ ತಿರುಗಿ ಮಲಗಿದ್ರು. ನಾನು ಹೋಗಿ ಹಳ್ಳದ ದಡದಾಗೆ ತಂಗಡಿ ಗಿಡದ ಬುಡಕ್ಕೆ ಇಟ್ಟು ಬಂದೆ.

ಈಗ ಮಾರೆಣ್ಣನ ವಿಷ್ಯ ಹೇಳ್ಬೇಕು. ಮಾರೆಣ್ಣ ಅಂದ್ರೆ ಕುರಿಯೋನು, ರಾಯದುರ್ಗದ ಕಡೆಯೋನು, ವಯಸ್ಸಾದೋನು, ಒಬ್ನೇ. ಶೇಂಗಾ ಕಿತ್ತ ಮ್ಯಾಲೆ ವರ್ಷಾ ಬಂದು ನಮ್ಮನೆ ಪಕ್ಕದ ಹೊಲ್ದಾಗೆ ಮಂದೆ ಕೂಡೋನು, ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಅರ್ಧ ಕನ್ನಡ, ಅರ್ಧ ತೆಲುಗು. ಅವನ ಹತ್ರ ಒಂದು ಕರಿ ನಾಯಿ ಇತ್ತು, ನಲ್ಲೋಡು ಅಂತ ಕರೆಯೋನು, ನಲ್ಲೋಡು ಅಂದ್ರೆ ಅವರ ಭಾಷೆನಾಗೆ ಕರಿಯ ಅಂತ. ಆ ನಾಯಿ ನಮ್ಮ ಕೋಳಿಗಳ ನಡುವೆ ನಡ್ಕೊಂಡು ಹೋದ್ರೂ ಒಂದು ಪುಕ್ಕ ಮುಟ್ತಿರ್ಲಿಲ್ಲ.

ಬೆಳಿಗ್ಗೆ ಹಳ್ಳದ ಕಡೆಯಿಂದ ಒಂದು ದನಿ. "ನಲ್ಲೋಡಾ... ಒರೇ ನಲ್ಲೋಡಾ..." ಕೈಯಾಗಿನ ಚೆಂಬು ಅಲ್ಲೇ ಇಟ್ಟೆ. ಓಡಿ ಹೋದೆ. ನಾಯಿ ತಂಗಡಿ ಗಿಡದಿಂದ ನಾಲ್ಕು ಮಾರು ದೂರ ಬಿದ್ದಿತ್ತು. ಮಾರೆಣ್ಣ ಅದರ ತಲೆ ತೊಡೆ ಮ್ಯಾಲೆ ಇಟ್ಕೊಂಡು ಕುಂತಿದ್ದ. ನನ್ನ ನೋಡಿ, "ಪೋಯಿಂದಮ್ಮಾ, ಹೋಯ್ತು. ಹಾವು ಮುಟ್ಟೈತೆ" ಅಂದ. ಹಾವು ಅಂದ. ಅವನೇ ಅಂದ. ನಾನು ಹೂಂ ಅಂದೆ. ಹೂಂ ಅಂದು ಉಳಿದಿದ್ದ ಕರುಳಿನ ಚೂರಿಗೆ ಅವನಿಗೆ ಕಾಣದಂಗೆ ಕಾಲಾಗೇ ಮಣ್ಣು ಮುಚ್ಚಿ, ಮನೆಗೆ ಬಂದೆ. ನಾಯಿ ಮಣ್ಣು ಮಾಡೋಕೆ ನಮ್ಮನೆ ಗುದ್ದಲಿನೇ ಇಸ್ಕೊಂಡು ಹೋದ ಕಣ್ರೋ ಅವನು.

ಮುದ್ದೆ ಮಾಡೋಕೆ ಕುಂತೆ. ಮನೆಯಿಂದಾಚೆ ಯಾರಿಗೂ ಗೊತ್ತಿಲ್ಲ, ಹೇಳದಿದ್ರೆ ಮುಗೀತು. ನಿಮ್ ತಾತ ಒಂದು ಮಾತು ಬೈಲಿಲ್ಲ, ಬೈದಿದ್ರೆ ನಾನೂ ಬೈಯ್ತಿದ್ದೆ, ಸರಿಹೋಗ್ತಿತ್ತು. ಗುದ್ದಲಿ ವಾಪಸ್ ಬಂದ ಮ್ಯಾಲೆ ಇಷ್ಟೇ ಅಂದ್ರು, "ಅವನು ಹಾವು ಅಂದ್ಕೊಂಡು ಹಳ್ಳದ ಕಡೆ ಕುರಿಮರಿ ಬಿಡೋಕೆ ಹೆದರ್ತಾನೆ. ಹೋಗಿ ಹೇಳು."

ಹೋದೆ. ಕುರಿ ಕೂಡೋ ರೊಪ್ಪದ ಹತ್ರ ಮೂರು ಕಲ್ಲಿನ ಮ್ಯಾಲೆ ಅನ್ನ ಬೇಯಿಸ್ತಿದ್ದ. ನಿಂತ್ಕೊಂಡೇ ಹೇಳ್ದೆ, "ಅಣ್ಣಾ, ಹಾವಲ್ಲ. ನಾನು. ನರಿಗೆ ಅಂತ ಎಣ್ಣೆ ಇಟ್ಟಿದ್ದೆ." ಅವನು ಒಲೆಗೆ ಕಡ್ಡಿ ಒಂದು ಹಾಕ್ದ, ಇನ್ನೊಂದು ಹಾಕ್ದ. ನಾನೇ ಅಂದೆ, "ಇರೋ ಕೋಳಿ ಎಲ್ಲಾ ತಗೊಂಡೋಗಣ್ಣಾ." ಆಗ ತಲೆ ಎತ್ತಿ, "ಕೋಳಿ ಕುರಿ ಕಾಯ್ತಾವೇನಮ್ಮಾ?" ಅಂದ. ಆಮ್ಯಾಲೆ ಅವನೇ, "ಬೆಳಿಗ್ಗೆ ನಾನು ನೀರಿಗೆ ಹೋಗ್ತೀನಿ. ಆಗ ಕುರಿಮರಿಗಳ ಹತ್ರ ನಲ್ಲೋಡು ಇರ್ತಿತ್ತು. ಮಂದೆ ಇಲ್ಲಿಂದ ಹೊರಡೋವರೆಗೂ ದಿನಾ ಆ ಹೊತ್ತಿಗೆ ನೀನು ಬಂದು ಕುಂತ್ಕೋ" ಅಂದ. ಆಯ್ತು ಅಂದೆ. ಏನನ್ಲಿ ಮತ್ತೆ? ನಾಯಿ ಜಾಗದಾಗೆ ಕುಂತ್ಕೋ ಅಂದ, ನಾನು ಆಯ್ತು ಅಂದೆ.

ಒಂಬತ್ತು ದಿನ ಕುಂತೆ. ಹತ್ತೋ? ಒಂಬತ್ತು. ಇನ್ನೂ ಸೂರ್ಯ ಹುಟ್ಟಿರಲ್ಲ, ಕಂಬಳಿ ಹೊದ್ಕೊಂಡು, ಕೈಯಾಗೆ ಕೋಲು, ಮುಂದೆ ಮರಿಗಳು. ಬೇರೆ ಕೆಲ್ಸ ಇಲ್ವಲ್ಲ, ಕಣ್ಣು ಬಿಟ್ಕೊಂಡು ನೋಡೋದೇ. ಮೂರನೇ ದಿನ ನರಿ ಬಂತು. ಹಳ್ಳದಿಂದ ಮ್ಯಾಲೆ ಹತ್ತಿ ನಿಂತು ನನ್ನ ನೋಡ್ತು. ಸಣ್ಣದು ಕಣ್ರೋ, ನಾನು ಏನೋ ಅಂದ್ಕೊಂಡಿದ್ದೆ, ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಬಾಲ ಒಂದು ದಪ್ಪ. ಮರಿ ಕಡೆ ಬರ್ಲಿಲ್ಲ. ಕಲ್ಲಿನ ಬದು ಹಿಡ್ಕೊಂಡು ನೆಟ್ಟಗೆ ನಮ್ಮನೆ ಹಿತ್ಲಿಗೆ ಹೋಗಿ, ತಿಪ್ಪೆ ಮಗ್ಗುಲಾಗೆ ಕುಂತ್ಕೊಂತು. ಹಿಂಗೆ, ನಾಲ್ಕು ಕಾಲು ಮಡ್ಚಿ. ಅಲ್ಲೇ ಯಾಕೆ? ನಾನು ಮುಸುರೆ ಚೆಲ್ಲೋದು ಅಲ್ಲೇ, ಜೋಳ ಹಾಕೋದೂ ಅಲ್ಲೇ. ಕೋಳಿಗಳು ಮರದಿಂದ ಇಳಿದ್ರೆ ಮೊದ್ಲು ಓಡೋದು ಅಲ್ಲಿಗೇ, ಒಂದೊಂದೇ, ಇನ್ನೂ ಕಣ್ಣು ಸರಿಯಾಗಿ ಕಾಣದ ಹೊತ್ನಾಗೆ. ನಾನೇ ದಿನಾ ನರಿಗೆ ತಟ್ಟೆ ಇಟ್ಟಂಗಾಗಿತ್ತು. ಎದ್ದು, "ಹೋ... ಹೋ..." ಅಂತ ಕೂಗಿದ್ದಕ್ಕೆ ಗುಡ್ಡದ ಕಡೆ ಓಡ್ತು.

ಮಾರೆಣ್ಣ ನೀರು ತಂದ ಮ್ಯಾಲೆ ಹೇಳ್ದೆ. "ನೀನು ಇಷ್ಟು ದಿನ ಎಲ್ಲಿ ನೋಡ್ತಿದ್ದೆ?" ಅಂದ. ಕೊಡ ಹೊತ್ಕೊಂಡು ಬೋರಿನ ಕಡೆ ನೋಡ್ತಿದ್ದೆ, ಇನ್ನೆಲ್ಲಿ. ಆಮ್ಯಾಲೆ ಅವನೇ ಹೇಳ್ಕೊಟ್ಟ, "ಮರಿಗಳ್ನ ರೊಪ್ಪಕ್ಕೆ ಹಾಕಲ್ವಾ ನಾನು? ಹಂಗೇ ಕೋಳಿನೂ ಸಂಜೆಗೆ ಗೂಡಿಗೆ ಸೇರ್ಸು, ಬಿಸಿಲು ನೆಲ ಮುಟ್ಟೋವರೆಗೂ ಬಿಡಬ್ಯಾಡ. ಕಾಳು ಮನೆ ಮುಂದೆ ಹಾಕು. ಸುತ್ತ ಜಾಲಿ ಮುಳ್ಳು."

ಮುಳ್ಳು ನಾನು ಕಡಿದು ತಂದೆ. ಗೂಡು ಯಾರು ಕಟ್ಟಬೇಕು? ನಾನು ಮಂಚದ ಹತ್ರ ಹೋಗಿ ನಿಂತೆ. "ನರಿ ನೆಲ ಬಗೀತೈತಲ್ಲ, ಕೆಳಗೆ ಏನು ಹಾಸ್ಬೇಕು?" ಅಂತ ಕೇಳ್ದೆ. ಕ್ಷಮ್ಸಿ ಅಂತ ಅನ್ನೋಕೆ ಬಾಯಿ ಬರ್ಲಿಲ್ಲ, ಇದನ್ನ ಕೇಳ್ದೆ. ನಿಮ್ ತಾತ ನನ್ನ ಕಡೆ ತಿರುಗಿ, "ಚಪ್ಪಡಿ ಹಾಸ್ಬೇಕು. ನನ್ನ ಸುತ್ತಿಗೆ ಉಳಿ ತಗೊಂಬಾ" ಅಂದ್ರು. ನೆಲದ ಮ್ಯಾಲೆ ಕಾಲು ಚಾಚಿ ಕುಂತು, ಕ್ವಾರಿಯೋರು ಬಿಸಾಕಿದ್ದ ಚೂರು ಚಪ್ಪಡಿ ನಾನೂ ಮಾರೆಣ್ಣನೂ ಉರುಳಿಸ್ಕೊಂಡು ತಂದಂಗೆ ಅವ್ರು ಕಡಿದು ಕಡಿದು ಕೂಡಿಸಿದ್ರು. ಐದು ದಿನ. ಒಂದು ಕಡ್ಡಿ ತೂರ್ಸೋಕೆ ಸಂದು ಇರ್ಲಿಲ್ಲ. ಮೊದಲ್ನೇ ದಿನ ಕೋಳಿಗಳು ಒಳಗೆ ಹೋಗ್ಲಿಲ್ಲ, ಮರಕ್ಕೇ ಹಾರಿದ್ವು, ಒಂದೊಂದೇ ಹಿಡ್ಕೊಂಡು ತಳ್ಳಿದ್ದಾಯ್ತು. ವಾರಕ್ಕೆ ರೂಢಿ ಆಯ್ತು. ಆಮ್ಯಾಲೂ ನರಿ ಬರೋದು, ಸುತ್ತ ಕೆದರಿ ಹೋಗೋದು. ಹಗಲು ಹೊತ್ತು ಹೊಲ್ದಾಗೆ ಎಲ್ಲೋ ಒಂದು ಕೋಳಿ ಹೋಯ್ತು, ಇಲ್ಲ ಅನ್ನಲ್ಲ. ಗೂಡಿನಿಂದ ಒಂದೂ ಹೋಗ್ಲಿಲ್ಲ.

ಮಾರೆಣ್ಣ ಹೋಗೋ ದಿನ ಒಂದು ಬುಟ್ಟಿ ಮೊಟ್ಟೆ ಕೊಟ್ಟೆ. ತಗೊಂಡ. ಆಯ್ತು ಬಿಡಮ್ಮಾ ಅಂತ ಒಂದು ಮಾತು ಅಂತಾನೇನೋ ಅಂತ ನಿಂತಿದ್ದೆ, ಅನ್ಲಿಲ್ಲ. ಮುಂದಿನ ವರ್ಷ ಮತ್ತೆ ಬಂದ, ಹೊಸ ನಾಯಿಮರಿ, ಹಗ್ಗ ಕಟ್ಟಿ ಹಿಡ್ಕೊಂಡಿದ್ದ. ದೂರದಿಂದ್ಲೇ ನಿಂತು ಕೂಗ್ದ, "ಅಮ್ಮಾ ತಿಪ್ಪಮ್ಮಾ, ಹಗ್ಗ ಬಿಚ್ಚಬೋದಾ?" ನಾನು ಬಾಗ್ಲಿಗೆ ಬಂದು, "ಬಿಚ್ಚಣ್ಣಾ" ಅಂದೆ. ಬಿಚ್ಚಿದ. ಅಷ್ಟೇ.

ಅದಕ್ಕೇ ಕಣ್ರೋ, ಕೋಳಿ ಸಾಕೋ ಆಸೆ ಇದ್ರೆ ಮೊದ್ಲು ಗೂಡು ಗಟ್ಟಿ ಮಾಡ್ಕೊಳ್ರಿ. ನರಿನ ಬೈಯೋದು ಆಮ್ಯಾಲೆ ಇದ್ದೇ ಐತೆ.