ಒಂದು ತಟ್ಟಿದರೆ ಕೊಡು

ಬಾಗಿಲು ಹಾಕಿ ಬನ್ನಿ... ಚಿಲಕ ಸಹ ಹಾಕಿ. ಮೆಲ್ಲ ಮಾತಾಡುವ, ಒಳಗೆ ಮದುಮಗಳು ಮಲಗಿದ್ದಾಳೆ. ನಾಳೆ ಅವಳ ಮುಖ ಊದಿಕೊಂಡರೆ ಬೈಗುಳ ನನಗೇ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನನ್ನ ಚಿಕ್ಕಮ್ಮನ ಮಗ ನಿತೇಶನಿಗೆ ಆದದ್ದು. ನಗುವವರು ಈಗಲೇ ಎದ್ದು ಆಚೆ ಕೋಣೆಗೆ ಹೋಗಿ.

ನೆರಿಯಕ್ಕೆ ಹೋಗುವ ದಾರಿಯಲ್ಲಿ, ಅವನ ಮನೆಗಿಂತ ಸ್ವಲ್ಪ ಈಚೆ, ಒಂದು ಏರು ತಿರುವು. ಅಲ್ಲಿ ಒಂದು ಗೋಳಿಮರ ಉಂಟು, ಮರದ ಪಕ್ಕ ಒಂದು ಬಾವಿ. ಈಗ ಯಾರೂ ಅದರ ನೀರು ಸೇದುವುದಿಲ್ಲ. ಕಟ್ಟೆ ಅರ್ಧ ಜರಿದು ಹೋಗಿದೆ. ಅವತ್ತು ಕಡೇ ಬಸ್ಸು ಇಳಿದು ನಿತೇಶ ಒಬ್ಬನೇ ನಡೆದು ಬರುತ್ತಿದ್ದ. ಕಾರನ್ನು ಪುಂಜಾಲಕಟ್ಟೆಯಲ್ಲಿ ಅಬ್ದುಲ್ ವಹಾಬನ ಗ್ಯಾರೇಜಿನಲ್ಲಿ ಬಿಟ್ಟಿದ್ದ. ಗಾಳಿ ಇಲ್ಲ... ಒಂದು ಎಲೆ ಅಲ್ಲಾಡುವುದಿಲ್ಲ. ಮೊಬೈಲಿನ ಬೆಳಕು ಕಾಲಬುಡಕ್ಕೆ ಹಿಡಿದುಕೊಂಡು ಬಾವಿ ದಾಟಿದ.

ಟಣ್.

ನಿಂತ. ತೆಳು ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಒಂದೇ ಸಲ ತಟ್ಟಿದ ಶಬ್ದ. ಅವನಿಗೆ ಅದು ಹೊಸ ಶಬ್ದ ಅಲ್ಲ ಮಾರಾಯ್ರೆ. ಎಷ್ಟೋ ದಿನದಿಂದ ಅದನ್ನೇ ಕೇಳಿ ಕೇಳಿ ತಲೆ ಕೆಟ್ಟಿತ್ತು. ಅದು ಅವನ ಕಾರಿನ ಎಂಜಿನ್ನಿನ ಶಬ್ದ. ಅದಕ್ಕಾಗಿಯೇ ಕಾರನ್ನು ಗ್ಯಾರೇಜಿಗೆ ಬಿಟ್ಟು ಬಂದದ್ದು.

ಕಾರು ಪುಂಜಾಲಕಟ್ಟೆಯಲ್ಲಿ... ಶಬ್ದ ಇಲ್ಲಿ.

ಕತಾರಿನಲ್ಲಿ ಕ್ರೇನ್ ಓಡಿಸಿ ಬಂದ ಆ ದೊಡ್ಡ ಆಳು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನೆಗೆ ಬಂದು ಕೈಕಾಲು ತೊಳೆದು ಮಲಗಿದ, ಯಾರ ಹತ್ತಿರವೂ ಹೇಳಲಿಲ್ಲ. ಹೆಂಡತಿ ವಿಸ್ಮಿತಾ ತುಂಬಿದ ಬಸುರಿ. ಅವಳ ಕಿವಿಗೆ ಇಂಥದ್ದೆಲ್ಲ ಹಾಕುತ್ತಾರಾ?

ಆ ಕಾರಿನ ಕತೆ ಹೇಳದಿದ್ದರೆ ನಿಮಗೆ ಅರ್ಥ ಆಗಲಿಕ್ಕಿಲ್ಲ. ವಿಸ್ಮಿತಾಳ ಮೊದಲ ಹೆರಿಗೆಗೆ ಬಾಡಿಗೆಗೆ ಒಂದು ಹಳೇ ವ್ಯಾನ್ ಮಾಡಿಕೊಂಡು ಮಂಗಳೂರಿಗೆ ಹೊರಟಿದ್ದರು. ಅದು ಹೋಗಿ ಹೋಗಿ ಅದೇ ಗೋಳಿಮರದ ತಿರುವಿನಲ್ಲಿ ಕೆಟ್ಟು ನಿಂತಿತು. ಬಾನೆಟ್ಟಿನಿಂದ ಹಬೆ... ಹಿಂದಿನ ಸೀಟಿನಲ್ಲಿ ಅವಳ ನರಳಾಟ. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮಗು ಉಳಿದಿರಲಿಲ್ಲ. ಎರಡನೇ ಸಲ ಅವಳು ಬಸುರಿ ಅಂತ ಗೊತ್ತಾದ ಕೂಡಲೇ ಇವನು ಹೋಗಿ ಆ ಕಾರು ತಂದ. ಟರ್ಬೊ ಎಂಜಿನ್, ಹಿಂದೆ ಎರಡು ಸೈಲೆನ್ಸರ್ ಬಾಯಿ, ಕಾಲು ಇಟ್ಟರೆ ಬೆನ್ನು ಸೀಟಿಗೆ ಅಂಟುತ್ತದೆ. ಊರವರು ಶೋಕಿ ಅಂದರು. ಶೋಕಿ ಅಲ್ಲ, ಹೆದರಿಕೆ. ಈ ಸಲ ದಾರಿಯಲ್ಲಿ ನಿಲ್ಲಬಾರದು, ಅಷ್ಟೇ ಅವನ ಆಸೆ.

ಅಂಥ ಕಾರಿನಲ್ಲಿ ಶಬ್ದ ಶುರುವಾಯಿತು. ಅದೂ ಆ ತಿರುವಿನಲ್ಲಿ ಮಾತ್ರ. ಏರು ಹತ್ತಿಸಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಟರ್ಬೊ "ಪ್ಶ್ಶ್" ಅಂತ ಗಾಳಿ ಬಿಡುತ್ತದಲ್ಲ, ಅದು ಸರಿ, ಆ ಕಾರುಗಳೇ ಹಾಗೆ. ಅದರ ಹಿಂದೆಯೇ ಒಂದು... ಟಣ್. ಮಂಗಳೂರಿಗೆ ಒಯ್ದ. ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ ಏನೂ ಇಲ್ಲ ಅಂದರು. ವಹಾಬ್ ಇವನ ಜೊತೆ ಶಾಲೆಗೆ ಹೋದವನು. ಬೆಲ್ಟ್ ನೋಡಿದ, ಸೈಲೆನ್ಸರಿನ ತಗಡು ಅಲ್ಲಾಡಿಸಿ ನೋಡಿದ. ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಡಾಕ್ಟರ ಹಾಗೆ ಕೇಳಿದ. ಅವನಿಗೂ ಸಿಕ್ಕಲಿಲ್ಲ. ನಿತೇಶ ಚಪ್ಪಲಿ ಬಿಟ್ಟು ಓಡಿದ ಮರುದಿನ ವಹಾಬನೇ ಫೋನ್ ಮಾಡಿದ.

"ಶಬ್ದ ಬರುವ ಜಾಗದಲ್ಲೇ ನಿಲ್ಲಿಸಿ ನೋಡುವ ಮಾರಾಯ," ಅಂದ ವಹಾಬ್. "ನಾಳೆ ಅಂಗಡಿ ಮುಚ್ಚಿ ನಾನೇ ಕಾರು ತರ್ತೇನೆ. ಕಕ್ಕಿಂಜೆಯಲ್ಲಿ ತಂಗಿ ಸೌದಾಳ ಮನೆ ಉಂಟು, ರಾತ್ರಿ ಅಲ್ಲೇ ನಿಲ್ತೇನೆ."

ನಿತೇಶನಿಗೆ ಆ ಜಾಗ ಬೇಡ ಅನ್ನಬೇಕು ಅಂತ ಇತ್ತು. ಅಂದರೆ ಯಾಕೆ ಅಂತ ಹೇಳಬೇಕಲ್ಲ... ಆಯಿತು ಅಂದ. ಗಂಡಸರು ಹಾಗೆಯೇ, ಹೆದರಿಕೆಗಿಂತ ಮರ್ಯಾದೆ ದೊಡ್ಡದು.

ಮರುದಿನ ರಾತ್ರಿ ಕಾರನ್ನು ಗೋಳಿಮರದ ಬುಡದಲ್ಲಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು, ಚಕ್ರಕ್ಕೆ ಕಲ್ಲು ಇಟ್ಟರು. ನಿತೇಶ ಒಳಗೆ, ವಹಾಬ್ ಹೊರಗೆ. ಬಾನೆಟ್ ಎತ್ತಿದರೆ ಒಳಗೆ ಕೂತವನಿಗೆ ಎದುರು ಏನೂ ಕಾಣುವುದಿಲ್ಲ, ಕಪ್ಪು ತಗಡು ಮಾತ್ರ. ಎಂಜಿನ್ ಶಬ್ದಕ್ಕೆ ಮಾತೂ ಕೇಳುವುದಿಲ್ಲ. ಅದಕ್ಕೆ ಗ್ಯಾರೇಜಿನವರದ್ದೇ ಒಂದು ಕ್ರಮ ಉಂಟು.

"ಒಂದು ತಟ್ಟಿದರೆ ಕೊಡು," ಅಂದ ವಹಾಬ್. "ಎರಡು ತಟ್ಟಿದರೆ ಬಿಡು."

ನಿತೇಶ ಸ್ಟಾರ್ಟ್ ಮಾಡಿದ. ಎಂಜಿನ್ ಗುರ್ರ್... ಅಂತ ಮೆತ್ತಗೆ ಓಡತೊಡಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ತಟ್ಟು.

ಇವನು ಕಾಲು ಒತ್ತಿದ.

ಮತ್ತೆ ಒಂದು ತಟ್ಟು. ಇನ್ನೂ ಒತ್ತಿದ. ಮತ್ತೆ ಒಂದು. ಮೀಟರಿನ ಮುಳ್ಳು ಏರಿತು... ಸ್ಟೇರಿಂಗ್ ನಡುಗಲು ಶುರುವಾಯಿತು. ಮತ್ತೆ ಒಂದು. ವಹಾಬನಿಗೆ ಮರುಳಾ, ಇಷ್ಟು ಯಾಕೆ, ಅಂತ ಇವನಿಗೆ ಅನಿಸಿತು. ಮತ್ತೆ ಒಂದು, ಈ ಸಲ ಅವಸರದಲ್ಲಿ. ಮುಳ್ಳು ಕೆಂಪು ಗೆರೆಯ ಹತ್ತಿರ. ಎರಡು ತಟ್ಟುವುದೇ ಇಲ್ಲ.

ಆಗ ಪಕ್ಕದ ಸೀಟಿನಲ್ಲಿದ್ದ ಮೊಬೈಲ್ ನಡುಗಿತು. ನೋಡಿದ. ವಹಾಬನ ಫೋನ್.

"ನೀನು ಯಾಕೆ ಹಾಗೆ ರೇಸ್ ಮಾಡ್ತಾ ಇದ್ದಿ?" ವಹಾಬನ ಸ್ವರ ಪಿಸುಪಿಸು.

"ನೀನೇ ತಟ್ಟಿದ್ದಲ್ಲ..."

"ನಾನು ಬಾವಿಯ ಆಚೆ ಇದ್ದೇನೆ. ಇಲ್ಲಿಂದ ಶಬ್ದ ಕೇಳಿತು ಅಂತ ಟಾರ್ಚ್ ಹಿಡಿದು ಬಂದೆ."

ನಿತೇಶ ಕನ್ನಡಿ ನೋಡಿದ. ಹಿಂದೆ, ದೂರದಲ್ಲಿ, ಬಾವಿಯ ಹತ್ತಿರ ಟಾರ್ಚಿನ ಬೆಳಕು.

"ವಹಾಬ್... ಬಾನೆಟ್ಟಿನ ಹತ್ತಿರ ಯಾರು ಇರುವುದು?"

ಮಡ್‌ಗಾರ್ಡಿನ ಮೇಲೆ ಮತ್ತೆ ಒಂದು ತಟ್ಟು. ಆಗ ಅವನಿಗೆ ಹೊಳೆಯಿತು... ಅಷ್ಟು ದಿನದಿಂದ ಎಂಜಿನ್ನಿನಲ್ಲಿ ಕೇಳಿದ್ದೂ ಇದೇ ಶಬ್ದ. ಇವನು ಕಾಲು ಬಿಟ್ಟಾಗಲೆಲ್ಲ ಅದು ಒಂದು ತಟ್ಟುತ್ತಿತ್ತು. ಕೊಡು ಅಂತ.

ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ. ಕಾಡು ಇಡೀ ಗಪ್‌ಚಿಪ್. ಬಿಸಿ ಎಂಜಿನ್ ತಣಿಯುವ ಟಿಕ್... ಟಿಕ್... ಅಷ್ಟೇ. ವಹಾಬ್ ಓಡಿ ಬಂದ. ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಮುಂದೆ ಹೋಗಿ ನೋಡಿದರು. ಯಾರೂ ಇಲ್ಲ. ವಹಾಬ್ ಬಾನೆಟ್ ಮುಚ್ಚಲಿಕ್ಕೆ ಅದನ್ನು ಎತ್ತಿ ನಿಲ್ಲಿಸುವ ಸಲಾಕೆಗೆ ಕೈ ಹಾಕಿದ. ಕೈಗೆ ಏನೂ ಸಿಕ್ಕಲಿಲ್ಲ. ಟಾರ್ಚ್ ಹಾಕಿದ. ಸಲಾಕೆ ಕೆಳಗೆ ತನ್ನ ಕ್ಲಿಪ್ಪಿನಲ್ಲೇ ಮಲಗಿತ್ತು.

ಬಾನೆಟ್ ನಿಂತಿತ್ತು.

"ನೀನು ಈ ಜಾಗದಲ್ಲಿ ಯಾರ ಹತ್ತಿರವಾದರೂ ಮಾತಾಡಿದ್ದೀಯಾ?" ವಹಾಬ್ ತುಟಿ ಮಾತ್ರ ಅಲ್ಲಾಡಿಸಿ ಕೇಳಿದ.

ಆಗ ಬಾಯಿ ಬಿಟ್ಟ ನೋಡಿ ನಮ್ಮ ಮಹಾರಾಯ. ನಮ್ಮ ಕಡೆಯವರ ಅಭ್ಯಾಸ ನಿಮಗೆ ಗೊತ್ತುಂಟಲ್ಲ, ಗಾಡಿಯಲ್ಲಿ ಹೋಗುವಾಗ ದಾರಿ ಬದಿಯಲ್ಲಿ ಜನ ಕಂಡರೆ ನಿಲ್ಲಿಸಿ ಕೇಳದೆ ಹೋಗುವುದಿಲ್ಲ. ಕಾರು ತಂದ ಹೊಸತರಲ್ಲಿ ಒಂದು ಸಂಜೆ, ಮೂರ್ಸಂಜೆ ಕಳೆದ ಮೇಲೆ, ಬಾವಿಕಟ್ಟೆಯ ಹತ್ತಿರ ಯಾರೋ ನಿಂತದ್ದು ಕಂಡು ಇವನು ಕಿಟಕಿ ಇಳಿಸಿ "ಬರ್ತೀರಾ?" ಅಂತ ಕೇಳಿದ್ದಾನೆ. ಮುಖ ಕಾಣಲಿಲ್ಲ. ಉತ್ತರವೂ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ಮುಖ ಕಾಣದವರನ್ನು ಗಾಡಿಗೆ ಕರೆಯಬಾರದು ಅಂತ ನಮ್ಮ ಅಜ್ಜಿ ಬಾಯಿ ನೋಯುವಷ್ಟು ಹೇಳಿದ್ದಾರೆ. ಯಾರು ಕೇಳುತ್ತಾರೆ?

ಅಷ್ಟರಲ್ಲಿ ನಿತೇಶನ ಫೋನ್. ಅವನ ಅಮ್ಮ, ಸರಸ ಚಿಕ್ಕಮ್ಮ.

"ಮಗ, ಎಲ್ಲಿದ್ದಿ? ವಿಸ್ಮಿತಾಳಿಗೆ ನೋವು ಸುರು ಆಗಿದೆ. ಬೇಗ ಕಾರು ತಾ."

ಆ ರಾತ್ರಿಯಲ್ಲಿ ಬೇರೆ ಗಾಡಿ ಎಲ್ಲಿಂದ? ಇರುವುದು ಅದೊಂದೇ ಕಾರು, ಅದರ ಬಾನೆಟ್ ಯಾರದ್ದೋ ಕೈಯಲ್ಲಿ. ಒಂದು ಮಗುವನ್ನು ಅದೇ ಜಾಗದಲ್ಲಿ ಕಳಕೊಂಡವನು ಅವನು. ಏನು ಮಾಡಬೇಕು ಹೇಳಿ. ಬಾನೆಟ್ಟಿನ ಎದುರು ಕೈ ಮುಗಿದ.

"ಹೆಂಡತಿಗೆ ನೋವು ಬಂದಿದೆ," ಅಂದ. "ಬಿಟ್ಟುಕೊಡಿ."

ಬಾನೆಟ್ ಇಳಿಯಿತು. ಧಡ್ ಅಂತ ಬೀಳಲಿಲ್ಲ... ಮೆಲ್ಲ, ಮೆಲ್ಲ ಇಳಿದು ಕ್ಳಿಕ್ ಅಂತ ಕೂತಿತು. ಮಗು ಮಲಗಿದ ಕೋಣೆಯ ಬಾಗಿಲು ನಾವು ಹೇಗೆ ಹಾಕುತ್ತೇವೆ, ಹಾಗೆ. ವಹಾಬ್ ಕಾರು ಹತ್ತಲಿಲ್ಲ. ಚಕ್ರದ ಕಲ್ಲು ತೆಗೆದುಕೊಟ್ಟು, ಬಾಯಲ್ಲೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತ ಕಕ್ಕಿಂಜೆಗೆ ನಡೆದೇ ಹೋದ. ಈಗಲೂ ಅವನು ಆ ಕಾರಿನ ಕೆಲಸ ಹಿಡಿಯುವುದಿಲ್ಲ.

ವಿಸ್ಮಿತಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಚಿಕ್ಕಮ್ಮನ ತೊಡೆಯ ಮೇಲೆ, ಬಟ್ಟೆಯ ಚೀಲ ಕಾಲಬುಡದಲ್ಲಿ. ಮುಂದೆ ನಿತೇಶ ಒಬ್ಬನೇ. ಆ ತಿರುವು ಬಂದಾಗ ಉಸಿರು ಬಿಗಿಹಿಡಿದು ಕಾರು ಬಿಟ್ಟ. ಶಬ್ದ ಬರಲಿಲ್ಲ. ಅಬ್ಬ ಅಂದುಕೊಂಡ. ಆಗ ಶುರುವಾಯಿತು.

ಟಿಂಗ್... ಟಿಂಗ್... ಟಿಂಗ್...

"ಅದು ಎಂತದ್ದು ಮಗ?" ಅಂದರು ಚಿಕ್ಕಮ್ಮ.

ಎದುರಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸೀಟ್ ಬೆಲ್ಟಿನದ್ದು. ಇವನು ಬೆಲ್ಟ್ ಹಾಕಿದ್ದಾನೆ. ಮತ್ತೆ ಆ ದೀಪ ಉರಿಯುವುದು ಪಕ್ಕದ ಸೀಟಿನಲ್ಲಿ ಭಾರ ಇದ್ದು ಅದರ ಬೆಲ್ಟ್ ಹಾಕದಿದ್ದರೆ ಮಾತ್ರ. ಪಕ್ಕದ ಸೀಟು ಖಾಲಿ. ಮೊಬೈಲ್ ಸಹ ಅಂಗಿಯ ಕಿಸೆಯಲ್ಲಿ.

ಹಿಂದೆ ವಿಸ್ಮಿತಾ ಕಿವಿ ಮುಚ್ಚಿಕೊಂಡು ಅಳಲು ಶುರುಮಾಡಿದಳು. ಕಾರು ನಿಲ್ಲಿಸುವ ಹಾಗಿಲ್ಲ. "ಅಮ್ಮ, ಆ ಸೀಟಿನ ಬೆಲ್ಟ್ ಎಳೆದು ಕೊಡಿ," ಅಂದ. ಚಿಕ್ಕಮ್ಮ ಬಾಗಿಲ ಬದಿಯಿಂದ ಬೆಲ್ಟ್ ಎಳೆದರು. ಎಳೆದರು, ಇನ್ನೂ ಎಳೆದರು...

"ಖಾಲಿ ಸೀಟಿಗೆ ಇಷ್ಟು ಉದ್ದ ಯಾಕೆ ಬೇಕು ಮಗ?"

ಅವನು ಪಕ್ಕಕ್ಕೆ ನೋಡಲೇ ಇಲ್ಲ. ಕೈಯಲ್ಲೇ ತಡಕಿ ಬೆಲ್ಟ್ ಸಿಕ್ಕಿಸಿದ. ಟಿಂಗ್ ನಿಂತಿತು. ಬೆಳ್ತಂಗಡಿ ಕಳೆಯಿತು, ಬಂಟ್ವಾಳ ಕಳೆಯಿತು. ಬೆಲ್ಟ್ ಸೀಟಿಗೆ ಅಂಟದೆ ಗಾಳಿಯಲ್ಲಿ ಉಬ್ಬಿ ನಿಂತದ್ದು ಓರೆಗಣ್ಣಿಗೆ ಕಾಣುತ್ತಲೇ ಇತ್ತಂತೆ. ಅಷ್ಟು ವೇಗವಾಗಿ ತಾನು ಯಾವತ್ತೂ ಕಾರು ಬಿಟ್ಟಿಲ್ಲ, ಬಿಟ್ಟದ್ದು ತಾನೇ ಹೌದಾ ಅಂತಲೂ ಗೊತ್ತಿಲ್ಲ ಅಂತಾನೆ.

ಆಸ್ಪತ್ರೆಯಲ್ಲಿ ಹೆಂಗಸರನ್ನು ಇಳಿಸಿ, ಒಳಗೆ ಕಳಿಸಿ, ತಿರುಗಿ ಬಂದು ನೋಡುತ್ತಾನೆ. ಆ ಬೆಲ್ಟ್ ಬಿಚ್ಚಿತ್ತು. ಎಡಗಡೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ.

ಇಷ್ಟು ನಿತೇಶ ಹೇಳಿದ್ದು. ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ಇನ್ನು ಹೇಳುವುದು ನಾನೇ ಕಂಡದ್ದು, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಇರುವುದು ಬಂಟ್ವಾಳದಲ್ಲಿ ಅಲ್ವಾ, ಸುದ್ದಿ ಗೊತ್ತಾಗಿ ನಮ್ಮವರ ಬೈಕಿನಲ್ಲಿ ಅವರ ಹಿಂದೆಯೇ ಆಸ್ಪತ್ರೆ ಮುಟ್ಟಿದೆ. ಹೆರಿಗೆ ಕೋಣೆಯ ಒಳಗೆ ಮನೆಯವರನ್ನು ಬಿಡಲಿಲ್ಲ. ಸರಸ ಚಿಕ್ಕಮ್ಮ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದರು. ಬೆಳಗಾಗುವವರೆಗೆ ಅಲ್ಲಿಂದ ಏಳಲಿಲ್ಲ, ಅವರ ಕೈ ನನ್ನ ಕೈಯಲ್ಲೇ ಇತ್ತು. ಮಗು ಹುಟ್ಟಿತು, ಹೆಣ್ಣು. ತಾಯಿ ಮಗು ಇಬ್ಬರೂ ಕ್ಷೇಮ.

ನಾನು ಒಳಗೆ ಹೋಗಿ ನೋಡಿದಾಗ ವಿಸ್ಮಿತಾ ನಕ್ಕಳು. "ಅಕ್ಕ, ಅತ್ತೆ ಎಲ್ಲಿ? ಪಾಪ, ರಾತ್ರಿಯಿಡೀ ನನ್ನ ಕೈ ಬಿಡದೆ ನಿಂತಿದ್ದರು," ಅಂದಳು. "ಕೈ ಮಾತ್ರ ತುಂಬ ತಣ್ಣಗಿತ್ತು."

ಹೌದಾ ಅಂದೆ. ಅಷ್ಟೇ. ಅವಳಿಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ.